ಕರಗಿಸದೆ ಇಟ್ಟ ದೀಪ

ಕುಕ್ಕುಂದೂರಿನ ಕಂಚುಗಾರ ಮುದ್ದಣ್ಣ ಆಚಾರಿಯ ಕೈಗೆ ಕೆಲಸ ಜಾಸ್ತಿ, ಬಾಯಿಗೆ ಮಾತು ಕಡಿಮೆ. ಇಡೀ ಆಯುಸ್ಸಿನಲ್ಲಿ ಅವನು ಮಾಡಿದ್ದು ಒಂದೇ ಒಂದು ಕಳವು. ಪುಣ್ಯಾತ್ಮನಿಗೆ ಅದನ್ನಾದರೂ ನೆಟ್ಟಗೆ ಮಾಡಲು ಬಂತೇ? ಅದೂ ಇಲ್ಲ.

ಐವತ್ತಾರನೇ ಇಸವಿ. ಊರಿನ ದೊಡ್ಡ ಮನೆತನವಾದ ಗುತ್ತಿನ ಮನೆಯ ಉಮಾನಾಥ ಶೆಟ್ಟರು ಬಿರುಕು ಬಿಟ್ಟ ಕಂಚಿನ ತೂಗುದೀಪವೊಂದನ್ನು ಅವನಲ್ಲಿಗೆ ತಂದರು. ಒಡೆದ ದೀಪವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಕ್ರಮವಿಲ್ಲ. ಕರಗಿಸಿ, ಅದೇ ಕಂಚಿನಲ್ಲಿ ಹೊಸದನ್ನು ಎರೆಯಬೇಕು.

"ಅಮ್ಮ ಸಣ್ಣವರಿದ್ದಾಗಿನಿಂದ ತಿಕ್ಕಿದ ದೀಪ ಮಾರಾಯ. ಒಂದು ಚೂರೂ ಹೊರಗೆ ಹೋಗಬಾರದು" ಎಂದರು ಶೆಟ್ಟರು.

ದೀಪದ ಮೇಲೆ ಕುಳಿತ ಹಂಸ ಮುದ್ದಣ್ಣನ ಅಜ್ಜನ ಕೈಕೆಲಸ. ಆ ಕೊರಳಿನ ಬಳುಕು, ಎರಕದ ಮೇಣದ ಅಚ್ಚಿನಲ್ಲಿ ಎಷ್ಟು ತಿದ್ದಿದರೂ ಮೊಮ್ಮಗನಿಗೆ ಒಲಿದಿರಲಿಲ್ಲ. ಒಡೆಯಲೆಂದು ಸುತ್ತಿಗೆ ಎತ್ತಿದವನಿಗೆ ಮನಸ್ಸು ಬರಲಿಲ್ಲ. ನಾಲ್ಕು ದಿನ ನೋಡಿ ಕಲಿತು ಆಮೇಲೆ ಕರಗಿಸಿದರಾಯಿತು ಎಂದು ದೀಪವನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಉಡುಪಿಯಿಂದ ಗುಜರಿ ಕಂಚು ತಂದು, ಅಷ್ಟೇ ತೂಕದ ಹೊಸ ದೀಪ ಎರೆದು ಕೊಟ್ಟ.

ಶೆಟ್ಟರ ತಾಯಿ ಅಪ್ಪಿ ಶೆಡ್ತಿ ಅದನ್ನು ಮಡಿಲಲ್ಲಿಟ್ಟುಕೊಂಡು ಸವರಿದರು. "ಚಂದ ಉಂಟು ಆಚಾರಿ" ಎಂದರು. ನಾಚಿಕೆಯಿಂದ ಮುದ್ದಣ್ಣನ ಕಿವಿ ಬಿಸಿಯಾಯಿತು.

ಆಮೇಲೆ ಏಳು ವರ್ಷ ಕಳೆಯಿತು. ಹಂಸದ ಕೊರಳು ಅವನಿಗೆ ಬರಲೇ ಇಲ್ಲ. ಗುತ್ತಿನವರು ದಾರಿಯಲ್ಲಿ ಕಂಡರೆ ಗದ್ದೆಗಿಳಿದು ತಪ್ಪಿಸಿಕೊಳ್ಳುತ್ತಿದ್ದ. ಅವರೋ ಹುಡುಕಿಕೊಂಡು ಬಂದು ಕೆಲಸ ಕೊಡುತ್ತಿದ್ದರು. "ಅಷ್ಟು ಮರ್ಯಾದೆ ಕೊಡುವವರನ್ನು ಕಂಡರೆ ನಿಮಗೆ ಎಂತ ಹೆದರಿಕೆ?" ಎಂದು ಹೆಂಡತಿ ಚಂಪಾ ಕೇಳಿದರೆ ಎದ್ದು ಕುಲುಮೆಯ ಕಡೆ ಹೋಗುತ್ತಿದ್ದ. ಆ ಮರ್ಯಾದೆಯೇ ಅವನಿಗೆ ಮುಳ್ಳಾಗಿತ್ತು.

ಅರುವತ್ತಮೂರರಲ್ಲಿ ಅಪ್ಪಿ ಶೆಡ್ತಿ ತೀರಿಕೊಂಡರು. ಮುದ್ದಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಉತ್ತರಕ್ರಿಯೆ ಮುಗಿದ ಮರುದಿನ ಗೋಣಿ ಹೊತ್ತು ಹೋಗಿ, ಹಳೆಯ ದೀಪವನ್ನು ಶೆಟ್ಟರ ಮುಂದಿಟ್ಟ.

"ನಾನು ಮೋಸ ಮಾಡಿದೆ ಶೆಟ್ರೇ. ಇದನ್ನು ಕರಗಿಸಲೇ ಇಲ್ಲ."

ಶೆಟ್ಟರು ದೀಪದ ಹಳೆಯ ಬಿರುಕಿನ ಮೇಲೆ ಬೆರಳಾಡಿಸಿದರು.

"ಕರಗಿಸಲಿಲ್ಲ ಅಂತ ನಮಗೆ ಗೊತ್ತಿತ್ತು. ಹೊಸ ದೀಪವನ್ನು ಮೊದಲ ಸಲ ಹುಣಸೆಹುಳಿ ಹಾಕಿ ತಿಕ್ಕಿದಾಗಲೇ ಅಮ್ಮ ಹೇಳಿದರು, ಇದು ನಮ್ಮ ಕಂಚಿನ ಬಣ್ಣ ಅಲ್ಲ ಅಂತ. ಹೊಟ್ಟೆಪಾಡಿಗೆ ಹಳೆಯದನ್ನು ಮಾರಿರಬೇಕು, ಪಾಪ, ಅಂದುಕೊಂಡೆವು."

"ಹೊಟ್ಟೆಗೆ ಕಡಿಮೆ ಇರಲಿಲ್ಲ ಶೆಟ್ರೇ" ಎಂದ ಮುದ್ದಣ್ಣ. ತಲೆ ಎತ್ತಲಾಗಲಿಲ್ಲ. "ಅಜ್ಜನ ಕೆಲಸದ ಮೇಲೆ ಆಸೆಯಾಯಿತು."

"ನಾನು ಆವತ್ತೇ ಬಂದು ಕೇಳುತ್ತಿದ್ದೆ. ಅಮ್ಮ ಬಿಡಲಿಲ್ಲ. ಮೊನ್ನೆ ಹೋಗುವ ಮೊದಲೂ ಅದನ್ನೇ ಹೇಳಿದರು. ಆಚಾರಿಯ ಹತ್ತಿರ ದೀಪದ ಮಾತು ಎತ್ತಬೇಡ ಮಗಾ, ಅವನಿಗೆ ನಾಚಿಕೆಯಾಗುತ್ತದೆ ಅಂತ."