ನೀರು ಚಿಮುಕಿಸಿದ ನೆಲ

ನನ್ನ ಓರಗಿತ್ತಿಯನ್ನು ಶೆಡ್ಡಿನಲ್ಲಿ ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೈಯೂ ಹಾಗೇ, ಬಾಯಿಯೂ ಹಾಗೇ. ಅವಳಿಗೆ ಅದರಿಂದ ಬೇಸರವಿರಲಿಲ್ಲ. ‘ಮೊಂಡ ಅಂತ ಕರೀಲಿಲ್ವಲ್ಲ, ಬಿಡಿ ಅಕ್ಕ’ ಎನ್ನುತ್ತಿದ್ದಳು.

ಹೊರದೇಶದವರು ಹಾಕಿ ಬಿಟ್ಟ ಬಟ್ಟೆ ದೊಡ್ಡ ದೊಡ್ಡ ಮೂಟೆಯಾಗಿ ನಮ್ಮ ಶೆಡ್ಡಿಗೆ ಬರುತ್ತದೆ. ಇನ್ನೂ ತೊಡಬಹುದಾದದ್ದು ಒಂದು ಕಡೆ, ಒರೆಸುವುದಕ್ಕೆ ಆಗುವಂಥದ್ದು ಇನ್ನೊಂದು ಕಡೆ. ಯಾವುದಕ್ಕೂ ಬಾರದ್ದು ಯಂತ್ರಕ್ಕೆ. ಯಂತ್ರ ಅದನ್ನು ಹರಿದು ಹಿಂಜಿ ಮತ್ತೆ ನಾರು ಮಾಡುತ್ತದೆ, ಆ ನಾರಿನಿಂದ ಕಂಬಳಿ ಆಗುತ್ತದೆ. ಕತ್ತರಿ ನಿಲ್ಲುತ್ತಿದ್ದದ್ದು ಆ ಯಂತ್ರದ ಬಾಯಿಯ ಬಳಿ. ಬಟ್ಟೆ ಒಳಗೆ ಹೋಗುವ ಮೊದಲು ಗುಂಡಿ, ಜಿಪ್ಪು, ಕೊಕ್ಕೆ ಎಲ್ಲ ಕತ್ತರಿಸಿ ತೆಗೆಯಬೇಕು. ತಪ್ಪಿ ಒಂದು ಗುಂಡಿ ಒಳಗೆ ಹೋದರೂ ಯಂತ್ರದ ಹಲ್ಲು ಮುರಿಯುತ್ತದೆ. ನಾನು ಕಿಟಕಿಯ ಪಕ್ಕ ಕೂತು ಅವಳು ತೆಗೆದ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದೆ. ನಮ್ಮ ಗಂಡಂದಿರು ಅಣ್ಣ ತಮ್ಮ. ಇಬ್ಬರೂ ತೀರಿಹೋದ ಮೇಲೆ ನಮಗೆ ಒಂದೇ ಕೋಣೆ, ಒಂದೇ ಒಲೆ, ಅವಳ ಮಗಳು ಪುಟ್ಟಿ ಒಬ್ಬಳೇ ಮಗು.

ಯಂತ್ರ ತಿರುಗುವಾಗ ಏಳುವ ಧೂಳು ರಸ್ತೆಯ ಧೂಳಿನಂಥದ್ದಲ್ಲ. ಅದು ಬಟ್ಟೆಯ ಜುಂಗು. ಗಾಳಿಯಲ್ಲೇ ತೇಲುತ್ತದೆ, ಕೆಳಗೆ ಕೂರುವುದಿಲ್ಲ. ಸಂಜೆ ಹೊತ್ತಿಗೆ ಎಲ್ಲರ ರೆಪ್ಪೆಯೂ ಬೆಳ್ಳಗೆ. ‘ಬೆಳಗ್ಗೆ ಸೊಸೆ, ಸಾಯಂಕಾಲ ಅತ್ತೆ’ ಎಂದು ಕತ್ತರಿ ನಗುತ್ತಿದ್ದಳು. ಆ ನಗು ಆಮೇಲಾಮೇಲೆ ಕೆಮ್ಮಿನಲ್ಲಿ ಮುಗಿಯತೊಡಗಿತು. ನೆಲಕ್ಕೆ ನೀರು ಚಿಮುಕಿಸಿದರೆ ಜುಂಗು ಅಡಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಬಟ್ಟೆಗೆ ತೇವ ತಗುಲಿದರೆ ಬೂಸಲು ಹಿಡಿಯುತ್ತದೆ. ಅದಕ್ಕೇ ಶೆಡ್ಡಿನೊಳಗೆ ನೀರು ತರುವ ಹಾಗಿಲ್ಲ. ಕುಡಿಯುವ ಕೊಡವೂ ಬಾಗಿಲ ಹೊರಗೇ.

ಡಾಕ್ಟರು ಅವಳ ಎದೆಯ ಚಿತ್ರ ತೆಗೆಸಿ ನೋಡಿದರು. ಹಾಳಾದ ಭಾಗ ಹಾಳಾಯಿತು, ಉಳಿದದ್ದನ್ನಾದರೂ ಉಳಿಸಿಕೊಳ್ಳಿ, ಧೂಳಿನಲ್ಲಿ ನಿಲ್ಲಬೇಡಿ ಎಂದರು. ಕತ್ತರಿ ತಲೆಯಾಡಿಸಿ ಬಂದು ಮರುದಿನ ಯಂತ್ರದ ಮುಂದೆ ನಿಂತಳು. ಅವಳಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

ಪುಟ್ಟಿ ಆಗ ದೊಡ್ಡ ಓದು ಮುಗಿಸಿ ದೂರದ ನಗರದಲ್ಲಿ ಒಂದು ಕಚೇರಿಗೆ ಇಂಟರ್ನ್ ಆಗಿ ಸೇರಿದ್ದಳು. ಕೆಲಸ ಕಲಿಯುವವಳು ಎಂದು ಅರ್ಥವಂತೆ. ಹಲವು ದೇಶಗಳು ಸೇರಿ ನಡೆಸುವ ಕಚೇರಿ ಅದು. ಒಂದು ದೇಶ ಬಿಸಾಡಿದ್ದನ್ನು ಇನ್ನೊಂದು ದೇಶ ಕೊಂಡು ಮತ್ತೆ ಬಳಕೆಗೆ ತರುವ ವ್ಯಾಪಾರ ಹೇಗೆ ನಡೆಯಬೇಕು ಎಂದು ಅಲ್ಲಿ ನಿಯಮ ಬರೆಯುತ್ತಾರೆ. ಪುಟ್ಟಿ ಫೋನಿನಲ್ಲಿ ಇದನ್ನು ವಿವರಿಸಿದಳು. ‘ವಸ್ತು ಸುತ್ತುತ್ತಾ ಇರಬೇಕಮ್ಮ, ಕಸ ಆಗಬಾರದು. ವರ್ತುಲ ಆರ್ಥಿಕತೆ ಅಂತಾರೆ.’

‘ಸುತ್ತಿ ಸುತ್ತಿ ಬಂದು ಬೀಳೋದು ನನ್ನ ಮೂಗಿಗೆ ಕಣೇ’ ಎಂದಳು ಕತ್ತರಿ. ‘ಅದಕ್ಕೊಂದು ಆಫೀಸು ಬೇರೆ ಮಾಡಿದ್ದಾರಾ?’

ಪುಟ್ಟಿ ನಗಲಿಲ್ಲ. ಜುಂಗನ್ನು ಎಳೆದು ಹೊರಹಾಕುವ ಯಂತ್ರವನ್ನು ಆ ಕಚೇರಿಯವರು ಒಂದು ಶೆಡ್ಡಿಗೆ ಹಾಕಿಸಿಕೊಡುವವರಿದ್ದರು. ಎಲ್ಲಿ ಧೂಳು ಹೆಚ್ಚೋ ಅಲ್ಲಿಗೆ. ನೋಡಲು ಬರುವ ಕಡೆಗಳಲ್ಲಿ ನಮ್ಮ ಶೆಡ್ಡನ್ನೂ ಸೇರಿಸುವ ಹಾಗೆ ಅವಳು ಮಾಡಿದ್ದಳು. ಅಮ್ಮ ಅಲ್ಲಿ ದುಡಿಯುತ್ತಾಳೆ ಎಂದು ಮಾತ್ರ ಕಚೇರಿಯಲ್ಲಿ ಹೇಳಿರಲಿಲ್ಲ. ಸುಮ್ಮನೆ ಆಸೆ ಹುಟ್ಟಬಾರದೆಂದು ಯಂತ್ರದ ವಿಷಯ ನಮಗೂ ಆಗ ಹೇಳಿರಲಿಲ್ಲ.

‘ದೊಡ್ಡಮ್ಮ, ಅಮ್ಮನಿಗೆ ಹೇಳಿ. ಶೆಡ್ಡು ದಿನಾ ಹೇಗಿರುತ್ತೋ ಹಾಗೇ ಇರಲಿ’ ಎಂದಳು ನನಗೆ.

ಹೇಳಿದೆ. ಕತ್ತರಿ ನನ್ನನ್ನೇ ದಿಟ್ಟಿಸಿದಳು. ‘ಏನಕ್ಕ ನೀವು! ನನ್ನ ಮಗಳ ಸಾಹೇಬರು ಬರ್ತಾರೆ. ಬೀಗರು ಬರೋ ದಿನ ಯಾರಾದ್ರೂ ಕಸದ ಗುಡ್ಡೆ ಮೇಲೆ ಮಣೆ ಹಾಕ್ತಾರಾ? ಆ ಹುಡುಗಿಗೆ ಅಲ್ಲಿ ಎಷ್ಟು ಅವಮಾನ ಆಗುತ್ತೆ!’

ಅವರು ಬರುವ ದಿನ ಬೆಳಗ್ಗೆ ಅವಳೇ ಮುಂದೆ ನಿಂತು ಎಲ್ಲ ಹೆಂಗಸರನ್ನೂ ಎಬ್ಬಿಸಿದಳು. ಬಟ್ಟೆಯ ಮೂಟೆಗಳನ್ನು ಹಿಂದಿನ ಗೋಡೆಗೆ ಒತ್ತಿದರು. ತೊಲೆಯ ಮೇಲಿನ ಜುಂಗನ್ನು ಕೋಲಿಗೆ ಬಟ್ಟೆ ಕಟ್ಟಿ ಒರೆಸಿದರು. ಬಾಗಿಲ ಹೊರಗಿನ ಕೊಡ ಒಳಗೆ ಬಂತು. ನೆಲಕ್ಕೆಲ್ಲ ನೀರು ಚಿಮುಕಿಸಿದರು. ಶೆಡ್ಡಿನ ಯಜಮಾನರು ನೋಡಿದರು, ಬೇಡ ಎನ್ನಲಿಲ್ಲ. ಧೂಳಿನ ಶೆಡ್ಡು ಎಂದು ಹೆಸರು ಬಿದ್ದರೆ ಮೂಟೆ ಬರುವುದು ನಿಂತೀತು ಎಂಬ ಹೆದರಿಕೆ ಅವರದು. ಕಾರು ಬಂದ ಸದ್ದು ಕೇಳಿದೊಡನೆ ಕತ್ತರಿ ಯಂತ್ರವನ್ನೂ ನಿಲ್ಲಿಸಿದಳು. ಬಂದವರೊಡನೆ ಕಿರುಚಿ ಮಾತಾಡುವುದು ಮರ್ಯಾದೆಯಲ್ಲ ಎಂದು.

ಪುಟ್ಟಿ ಒಳಗೆ ಕಾಲಿಟ್ಟವಳು ಒದ್ದೆ ನೆಲ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಜೊತೆ ಬಂದ ಮೇಡಂ ಕೈಯಲ್ಲಿ ಒಂದು ಡಬ್ಬಿಯಿತ್ತು. ಗಾಳಿಯಲ್ಲಿ ಧೂಳು ಎಷ್ಟಿದೆ ಎಂದು ಅದು ತೋರಿಸುತ್ತದಂತೆ. ಮೇಡಂ ಅದನ್ನು ಮೂಲೆ ಮೂಲೆಗೂ ಹಿಡಿದು ನೋಡಿ, ಮೆಚ್ಚಿದವರ ಹಾಗೆ ತಲೆದೂಗಿದರು. ಆಮೇಲೆ ಕತ್ತರಿಯ ಮುಂದೆ ನಿಂತು ತಮ್ಮ ಭಾಷೆಯಲ್ಲಿ ಏನೋ ಕೇಳಿದರು.

‘ಧೂಳಿಂದ ತೊಂದರೆ ಇದೆಯಾ ಅಂತ ಕೇಳ್ತಿದ್ದಾರೆ’ ಎಂದಳು ಪುಟ್ಟಿ. ‘ಇರೋದು ಹೇಳಮ್ಮ.’

ಕತ್ತರಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೆಮ್ಮು ನುಂಗಿದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಚೆನ್ನಾಗಿ ನಕ್ಕಳು. ‘ಏನೂ ತೊಂದರೆ ಇಲ್ಲ ಅನ್ನು. ನಿನ್ನ ಸಾಹೇಬರಿಗೆ ಕೂರೋಕೆ ಕುರ್ಚಿ ಕೊಡು ಮೊದಲು.’

ಪುಟ್ಟಿ ಮೇಡಂ ಕಡೆ ತಿರುಗಿ ಮಾತಾಡಿದಳು. ಅಮ್ಮ ಆಡಿದ್ದು ಎರಡು ಮಾತು, ಮಗಳು ಹೇಳಿದ್ದು ಬಹಳ ಉದ್ದ. ಆಗ ಯಜಮಾನರು ನಗುತ್ತಾ ಮುಂದೆ ಬಂದು ಅದೇ ಭಾಷೆಯಲ್ಲಿ ಏನೋ ಹೇಳಿದರು. ಪುಟ್ಟಿಯ ಮುಖ ಸುಣ್ಣ ಬಳಿದ ಹಾಗಾಯಿತು. ಅವರು ಹೇಳಿದ್ದೇನೆಂದು ಅವಳು ನನಗೆ ತಿಳಿಸಿದ್ದು ಎಲ್ಲ ಮುಗಿದ ಮೇಲೆ: ಆ ಹೆಂಗಸು ಹಾಗೆ ಹೇಳಲಿಲ್ಲ, ಈ ಹುಡುಗಿ ಅವಳ ಮಗಳು, ತಾನೇ ಸೇರಿಸಿ ಹೇಳುತ್ತಿದ್ದಾಳೆ.

ಮೇಡಂ ಬೈಯಲಿಲ್ಲ. ಕತ್ತರಿಯ ನಗುಮುಖದ ಫೋಟೋ ತೆಗೆದುಕೊಂಡು ಹೊರಟರು.

ಆ ಸಂಜೆ ಪುಟ್ಟಿ ಕೋಣೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂತಳು. ‘ಯಂತ್ರ ಯಾಕಮ್ಮ ನಿಲ್ಲಿಸಿದೆ? ನೀರು ಯಾಕೆ ಹಾಕಿದೆ?’

‘ನಿನ್ನ ಮಾನ ಉಳಿಸೋಕೆ.’

‘ನನ್ನ ಮಾನ ಯಾರು ಕೇಳಿದ್ರು? ನಿನ್ನ ಉಸಿರು ಉಳಿಸೋಕೆ ಅವರನ್ನ ಕರ್ಕೊಂಡು ಬಂದಿದ್ದು ನಾನು.’

ಕತ್ತರಿಗೆ ಆಗ ಅರ್ಥವಾಯಿತು. ಎದ್ದು ಹೋಗಿ ಮಗಳಿಗೆ ತಟ್ಟೆ ಹಾಕಿದಳು.

ಪುಟ್ಟಿ ಹಿಂದಿರುಗಿ ಹೋಗಿ ಮೇಡಂಗೆ ಎಲ್ಲ ಹೇಳಿದಳು. ಸ್ವಂತದವರ ವಿಷಯ ಮುಚ್ಚಿಟ್ಟವಳ ಮಾತನ್ನು ವರದಿಗೆ ಸೇರಿಸಲಾಗುವುದಿಲ್ಲ, ಡಬ್ಬಿ ತೋರಿಸಿದ್ದೇ ಲೆಕ್ಕ ಎಂದರಂತೆ. ಜುಂಗು ಎಳೆಯುವ ಯಂತ್ರ ನದಿಯಾಚೆಯ ಶೆಡ್ಡಿಗೆ ಹೋಯಿತು. ಅಲ್ಲಿನವರು ಯಾರು ಬಂದರೂ ಪೊರಕೆ ಮುಟ್ಟದ ಸೋಮಾರಿಗಳು ಎಂದು ನಮ್ಮಲ್ಲಿ ಹಿಂದಿನಿಂದಲೂ ತಮಾಷೆಯಿತ್ತು.

ಕತ್ತರಿ ಯಂತ್ರದ ಮುಂದೆ ನಿಲ್ಲುವಷ್ಟು ದಿನ ನಿಂತಳು. ಆಮೇಲೆ ನನ್ನ ಪಕ್ಕ ಕೂತು ಗುಂಡಿ ಬೇರೆ ಮಾಡಿದಳು. ಆಮೇಲೆ ಅದೂ ಆಗದೆ ಮಂಚ ಹಿಡಿದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬುಗಳಿಗೆ ಒರಗಿ ಕೂತೇ ನಿದ್ದೆ. ಕಚೇರಿ ಬಿಟ್ಟು ಬಂದ ಪುಟ್ಟಿ ಅವಳ ಬೆನ್ನು ತಿಕ್ಕುತ್ತಾ ಕೂರುತ್ತಿದ್ದಳು. ಕೊನೆಯ ದಿನ ಮಧ್ಯಾಹ್ನ ಕತ್ತರಿ ಕೇಳಿದಳು, ‘ಆ ಮೇಡಂಗೆ ನಮ್ಮ ಶೆಡ್ಡು ಚೆನ್ನಾಗಿ ಕಾಣಿಸ್ತು ಅಲ್ವಾ?’

‘ತುಂಬ ಚೆನ್ನಾಗಿ ಕಾಣಿಸ್ತಮ್ಮ’ ಎಂದಳು ಪುಟ್ಟಿ.

ಎಲ್ಲ ಮುಗಿದ ಮೇಲೆ ಗೋಡೆಗೆ ಹಾಕಲು ಒಂದು ಪಟ ಬೇಕಾಯಿತು. ಹುಡುಕಿದರೆ ಕತ್ತರಿ ಒಬ್ಬಳೇ ಇರುವ ಪಟ ಮನೆಯಲ್ಲಿ ಒಂದೂ ಇಲ್ಲ. ಕೊನೆಗೆ ಪುಟ್ಟಿ ಕಚೇರಿಯ ವರದಿಯ ಮುಖಪುಟದ ಮೇಲಿದ್ದದ್ದನ್ನೇ ಕತ್ತರಿಸಿ ಕಟ್ಟು ಹಾಕಿಸಿದಳು. ಅದರಲ್ಲಿ ಅವಳು ನಗುತ್ತಿದ್ದಾಳೆ. ರೆಪ್ಪೆ ಕಪ್ಪಗೇ ಇದೆ. ಹಿಂದೆ ಯಂತ್ರ ನಿಂತಿದೆ, ಅದರ ಬುಡದಲ್ಲಿ ಒದ್ದೆ ನೆಲ ಹೊಳೆಯುತ್ತಿದೆ.