ಮೆತ್ತಗಿನ ಕ್ಷಮೆ

ನಮ್ಮ ಅಪ್ಪ ಔರಾದದ ಸಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದರೆ, ಆಚೆ ಓಣಿಯಲ್ಲಿ ರೊಟ್ಟಿ ಬಡಿಯುತ್ತ ಕೂತ ಅವ್ವನಿಗೂ ಅದು ಬಾಯಿಪಾಠವಾಗಿಬಿಟ್ಟಿತಂತೆ. ಅಂಥ ದೊಡ್ಡ ದನಿಯವನ ನೌಕರಿ ಮೆಲುದನಿಯಿಂದ ಹೋಗುವುದರಲ್ಲಿತ್ತೆಂದರೆ ನೀವು ನಂಬಲಿಕ್ಕಿಲ್ಲ.

ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಉರ್ದುವಿನಲ್ಲಿ ಓದಿ ಮಾಸ್ತರನಾಗಿದ್ದ ಅಪ್ಪನ ಸಾಲೆಗೆ ಮೈಸೂರು ಕಡೆಯ ಹೊಸ ಇನ್‌ಸ್ಪೆಕ್ಟರು ಬಂದರು. ಬಸ್ಸಿನ ಧೂಳಿನಲ್ಲಿ ಮಿಂದು ಇಳಿದವರನ್ನು ಕಂಡು ಕರುಳು ಚುರ್ರೆಂದು ಅಪ್ಪ, "ಯಾಕ ಬಂದ್ರಿ ಸಾಹೇಬರ, ಇಷ್ಟ್ ದೂರ!" ಎಂದ. ನಮ್ಮ ಕಡೆ ಅದು ಉಪಚಾರ. ಅವರ ಕಿವಿಗೆ ಉದ್ಧಟತನ. "ನಾಳೆ ಭಾಲ್ಕಿಗೆ ಬಂದು ಅಪಾಲಜಿ ಟೆಂಡರ್ ಮಾಡಿ. ಇಲ್ದಿದ್ರೆ ಕೆಲಸದ ಆಸೆ ಬಿಡಿ," ಎಂದು ಹೊರಟೇಬಿಟ್ಟರು.

ಅಪಾಲಜಿ ಎಂದರೆ ಕ್ಷಮೆಯೆಂದು ಅಪ್ಪನಿಗೆ ಗೊತ್ತಿತ್ತು. ಟೆಂಡರ್? ನೆರೆಮನೆಯ ದರ್ಜಿ ಕರೀಮಸಾಬರು ತಮ್ಮ ಇಂಗ್ಲಿಷ್-ಉರ್ದು ಕೋಶ ತೆಗೆದು ನೋಡಿದರು. "ನರಮ್ ಅಂತ ಅದರಿ ಮಾಸ್ತರ, ಮೆತ್ತಗ. ಎಳೀ ಮಾಂಸಕ್ಕೂ ಇದೇ ಮಾತು."

ಸಂಜೆಯೆಲ್ಲ ಅಪ್ಪ ಎಮ್ಮೆಯ ಮುಂದೆ ನಿಂತು ಮೆತ್ತಗೆ ಕ್ಷಮೆ ಕೇಳುವ ತಾಲೀಮು ಮಾಡಿದ. ಮೊದಮೊದಲು ಬೆದರಿದ ಎಮ್ಮೆ ಕೊನೆಗೆ ಕಣ್ಣುಮುಚ್ಚಿ ಮೆಲುಕು ಹಾಕತೊಡಗಿದಾಗ ಅವ್ವ, "ಈಗ ನರಮ್ ಆತು ನೋಡ್ರಿ," ಎಂದಳು.

ಮರುದಿನ ಭಾಲ್ಕಿಯ ಕಚೇರಿಯಲ್ಲಿ ಅಪ್ಪನ ತುಟಿಯಷ್ಟೇ ಅಲ್ಲಾಡಿತು.

"ಏನ್ರೀ? ಜೋರಾಗಿ ಹೇಳಿ," ಎಂದರು ಇನ್‌ಸ್ಪೆಕ್ಟರು. ಸಾಹೇಬರು ಪರೀಕ್ಷೆ ಮಾಡುತ್ತಿದ್ದಾರೆಂದು ಬಗೆದು ಅಪ್ಪ ಇನ್ನೂ ಮೆತ್ತಗಾದ. ಅವರು ಮೇಜು ಸುತ್ತಿ ಬಂದು ಕಿವಿಯನ್ನೇ ಒಡ್ಡಿದರು. ಗುರು ಶಿಷ್ಯನಿಗೆ ಮಂತ್ರ ಉಪದೇಶಿಸುವ ಹಾಗೆ ಅಪ್ಪ ಆ ಕಿವಿಯಲ್ಲಿ "ತಪ್ಪಾತ್ರಿ" ಎಂದು ಉಸುರಿದ. ಕಚಗುಳಿಯಾಗಿ ಅವರು ಹಾರಿಬಿದ್ದರು.

"ತಮಾಷೆ ಮಾಡ್ತೀರಾ?"

"ಇಲ್ರಿ, ತಾವೇ ಟೆಂಡರ್ ಅಂದಿದ್ರಲ್ರಿ. ಮೆತ್ತಗ!"

"ಅಯ್ಯೋ ಮೇಷ್ಟ್ರೇ, ಇಲ್ಲಿ ಟೆಂಡರ್ ಅಂದ್ರೆ ಒಪ್ಪಿಸೋದು, ಅರ್ಪಿಸೋದು."

"ಅರ್ಪಿಸೋದಾ? ನಾ ಬರಿಗೈಲೆ ಬಂದೀನಲ್ರಿ! ತೆಂಗಿನಕಾಯಿ ತರ್ಲೇನ್ರಿ?"

ಇನ್‌ಸ್ಪೆಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೃದುವಾದದ್ದಕ್ಕೂ ಅರ್ಪಿಸುವುದಕ್ಕೂ ಒಂದೇ ಶಬ್ದ ಇಟ್ಟ ಇಂಗ್ಲಿಷರು ಏನೆಣಿಸಿದ್ದರೋ. ಕೊಡುವ ಕೈ ಮೆತ್ತಗಿರಲಿ ಎಂದಿದ್ದೀತು.

"ಹಾಗಾದ್ರೆ ನಿನ್ನೆ 'ಯಾಕ ಬಂದ್ರಿ' ಅಂತ ಕೇಳಿದ್ದು ಯಾಕೆ?"

"ನಿಮ್ಮ ಅವಸ್ಥಾ ನೋಡಿ ಜೀವ ಮರುಗಿತ್ರಿ."

ಅವರ ನಗು ನಿಂತಿತು. ಕಪಾಟಿನ ತುಂಬ ತುಂಬಿದ್ದ ಹಳೆಯ ಉರ್ದು ಕಾಗದಗಳತ್ತ ಕೈ ತೋರಿದರು. "ಒಂದಕ್ಷರ ಓದೋಕೆ ಬರಲ್ಲ ನಂಗೆ. ಯಾಕೆ ಬಂದ್ನೋ ಅಂತ ನಾನೇ ದಿನಾ ಕೇಳ್ಕೊಳ್ತೀನಿ. ನಂದೂ ತಪ್ಪಾಯ್ತು ಮೇಷ್ಟ್ರೇ. ಸ್ವಲ್ಪ ಕಲಿಸ್ತೀರಾ?"

ಔರಾದದ ಬಸ್ಸು ಹೋದರೆ ಹೋಗಲಿ ಎಂದು ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಇನ್‌ಸ್ಪೆಕ್ಟರು ಅಳುಕುತ್ತ, ಕೇಳಿಸಿಯೂ ಕೇಳಿಸದಂತೆ, ಉರ್ದುವಿನ ಮೊದಲ ಅಕ್ಷರ "ಅಲಿಫ್" ಎಂದರು.

"ಕೇಳಿಸ್ಲಿಲ್ರಿ ಸಾಹೇಬರ," ಎಂದ ಅಪ್ಪ, "ಜೋರ್ಲೆ ಹೇಳ್ರಿ."