ಕತ್ತರಿಯ ನಂತರದ ಪದಗಳು

ಮಗಳು ಮಧುರಾ ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ನೆನಪಿನ ಪ್ರಯೋಗಕ್ಕೆ ಹತ್ತು ಜನ ಬೇಕಿತ್ತು. ಹತ್ತನೆಯವಳು ನಾನು. ಅವಳು ಇಪ್ಪತ್ತು ಪದ ಓದುತ್ತಾಳೆ, ನೆನಪಿದ್ದಷ್ಟನ್ನು ನಾನು ಹೇಳಬೇಕು.

ಐದನೆಯ ಪದ ಕತ್ತರಿ. ನಮ್ಮವರು ನಗರ್ತಪೇಟೆಯಲ್ಲಿ ಟೈಲರ್ ಆಗಿದ್ದರು. ತೀರಿಹೋಗಿ ಮೂರು ತಿಂಗಳಾಯಿತು. ಅವರ ಕತ್ತರಿ ಇನ್ನೂ ಗೋಡೆಯ ಮೊಳೆಯಲ್ಲಿದೆ. ಆಮೇಲಿನ ಪದಗಳು ನನ್ನ ಕಿವಿಗೆ ಬೀಳಲಿಲ್ಲ. ಐದೇ ಹೇಳಿದೆ. ನನ್ನಿಂದ ಅವಳ ಪ್ರಯೋಗ ಕೆಟ್ಟಿತೆಂದು ಭಯವಾಯಿತು.

“ಇನ್ನೊಂದ್ಸಲ ಓದೇ.”

“ಆಗಲ್ಲಮ್ಮ. ಎಲ್ರಿಗೂ ಒಂದೇ ಸಲ.”

“ಹತ್ತು ಅಂತ ಬರ್ಕೋ. ನಿಮ್ಮ ಮೇಷ್ಟ್ರು ಬಂದು ನನ್ನ ಕೇಳ್ತಾರಾ?”

“ಅಪ್ಪ ಯಾರ್ದಾದ್ರೂ ಸೊಂಟದಳತೆ ಕಮ್ಮಿ ಬರ್ಕೊಂಡಿದ್ರಾ?”

ಇಲ್ಲ. ಗಿರಾಕಿ ಬೈದರೂ ಟೇಪು ತೋರಿಸಿದ್ದನ್ನೇ ಬರೆಯುತ್ತಿದ್ದರು.

ಮಧುರಾ ಐದು ಅಂತ ಬರೆದಳು. ಹಾಳೆಯ ಕೆಳಗೆ, ನನಗೆ ಹೇಗನ್ನಿಸಿತು ಎಂದು ಬರೆಯಲು ಜಾಗವಿತ್ತು.

“ಸುಸ್ತು,” ಅಂದೆ. ಕತ್ತರಿಯ ಮಾತು ಎತ್ತಲಿಲ್ಲ.

ಅದನ್ನೂ ಹಾಗೆಯೇ ಬರೆದಳು.